ತಂತಿ ಕತ್ತರಿಸಿದ ಮೇಲೂ

ಕೆಳಗಿನ ಸ್ನಾನದ ಮನೆಯ ನೆಲ ಕಾಯಿಸುವ ತಂತಿಯನ್ನು ನನ್ನ ಗಂಡ ಐವಿಂದ್ ತಾನೇ ಹಾಸಿದ. ನಮ್ಮ ನಾರ್ವೆಯಲ್ಲಿ ಮನೆಯವರು ಪ್ಲಗ್ಗು ಬದಲಿಸಬಹುದು. ಇದಕ್ಕೆ ಮಾತ್ರ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನೇ ಬೇಕು. "ಕಾನೂನೆಲ್ಲ ಕೈಲಾಗದವರಿಗೆ ಕಣೇ," ಅಂದಿದ್ದ. ಸ್ವಿಚ್ಚಿಗೆ ಜೋಡಿಸುವಾಗ ಕರೆಂಟ್ ಹೊಡೆದು ಅಲ್ಲೇ ಸತ್ತ.

ನನಗೆ ಅಳು ಬರಲಿಲ್ಲ. ಚಳಿಗಾಲದಲ್ಲಿ ಮನೆ ಮಾರಲು ಹೊರಟು, ವೈರಿಂಗ್ ಸರಿಯಿದೆ ಅಂತ ಬರೆದುಕೊಡಲು ಎಲೆಕ್ಟ್ರಿಷಿಯನ್ ರಾಗ್ನಿಲ್‌ಳನ್ನು ಕರೆಸಿದೆ. ಬೂಟು ಬಾಗಿಲಲ್ಲಿ ಬಿಟ್ಟು ಕಾಲುಚೀಲದಲ್ಲೇ ಸ್ನಾನದ ಮನೆಯೊಳಗೆ ಹೋದವಳು ಥಟ್ಟನೆ ನಿಂತಳು.

"ನೆಲಕ್ಕೆ ಇನ್ನೂ ಕರೆಂಟ್ ಬಿಟ್ಟಿದ್ದೀರಾ ಟೋರುನಕ್ಕ? ತಲೆ ಕೆಟ್ಟಿದ್ಯಾ ನಿಮಗೆ?"

"ಅವನು ಸತ್ತ ದಿನವೇ ಕರೆಂಟಿನವರು ಬಂದು ತಂತಿ ಕತ್ತರಿಸಿ ಹಾಕಿದ್ರಲ್ಲ."

ಗೋಡೆಯ ಡಬ್ಬಿ ಬಿಚ್ಚಿ ನೋಡಿದಳು. ಕತ್ತರಿಸಿದ ತಂತಿಯ ತುದಿಗಳು ಯಾವುದಕ್ಕೂ ತಾಗದೆ ನಿಂತಿದ್ದವು. ನಾನೂ ಬರಿಗಾಲಲ್ಲಿ ನಡೆದೆ. ನೆಲವೆಲ್ಲ ಮಂಜುಗಡ್ಡೆಯಂತಿತ್ತು, ಬೇಸಿನ್ನಿನ ಮುಂದೆ ಎರಡು ಪಾದದಷ್ಟು ಜಾಗ ಮಾತ್ರ ಬೆಚ್ಚಗಿತ್ತು.

"ಈಗ ತಾನೇ ಇಲ್ಲಿ ನಿಂತಿದ್ರಾ?"

"ಅವನು ಹೋದ ಮೇಲೆ ಈ ಬಾಗಿಲನ್ನೇ ತೆಗೆದಿಲ್ಲ."

ರಾಗ್ನಿಲ್ ಸಾಮಾನು ತುಂಬಿಕೊಂಡಳು. "ಇದಕ್ಕೆ ನಾನು ಸಹಿ ಹಾಕಲ್ಲ ಅಕ್ಕ."

ಮನೆ ಮಾರಲಿಲ್ಲ. ದಿನಾ ಬೆಳಿಗ್ಗೆ ಅಲ್ಲೇ ನಿಂತು ಹಲ್ಲುಜ್ಜುತ್ತಿದ್ದೆ. ಬೇರೆಲ್ಲೂ ನನಗೆ ಬೆಚ್ಚಗಾಗುತ್ತಿರಲಿಲ್ಲ. ಇವತ್ತು ಆ ಜಾಗವೂ ತಣ್ಣಗಿತ್ತು. ಮೇಲೆ ನನ್ನ ಮಂಚದ ಪಕ್ಕ, ತಂತಿಯೇ ಹಾಸದ ಮರದ ನೆಲದಲ್ಲಿ, ಎರಡು ಪಾದದಷ್ಟು ಜಾಗ ಬೆಚ್ಚಗಿದೆ.