ಹಳದಿ ಪರದೆಯ ನೋಟಿಸ್

ಬಾಗಿಲು ತೆರೆದವಳ ಕೆನ್ನೆಗೆ ನೀಲಿ ಬಣ್ಣ ಮೆತ್ತಿಕೊಂಡಿತ್ತು. ಲಿಫ್ಟಿನಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತೆಲ್ಲ ಅವನಿಗೆ ಅಲ್ಲೇ ಮರೆತುಹೋಯಿತು.

“ಏನು ಬೇಕಿತ್ತು?”

“ನಾನು ಅಸೋಸಿಯೇಷನ್ ಸೆಕ್ರೆಟರಿ. ನಿಮ್ಮ ಕಿಟಕಿ ಪರದೆ...”

“ಚೆನ್ನಾಗಿದೆ ಅಲ್ವಾ?”

“ತುಂಬಾ ಚೆನ್ನಾಗಿದೆ,” ಎಂದುಬಿಟ್ಟ. ಆಮೇಲೆ ಬಂದ ಕೆಲಸ ನೆನಪಾಯಿತು. “ಅಂದರೆ, ಹಳದಿ ಇದೆ. ಹೊರಗಿಂದ ಕಾಣೋ ಪರದೆ ಎಲ್ಲಾ ಬಿಳೀದೇ ಇರಬೇಕು. ನಿಯಮ.”

ಚಾಚಿದ ನೋಟಿಸನ್ನೂ ಚಾಚಿದವನನ್ನೂ ಅವಳು ಒಂದೇ ನೋಟದಲ್ಲಿ ಅಳೆದಳು. ನಗು ತುಟಿಯವರೆಗೆ ಬಂದು ತಡೆದು ನಿಂತಿತು.

“ಒಳಗಿಂದ ಯಾವ ಬಣ್ಣ ಇರಬಹುದು ಸಾರ್?”

“ಅದು ನಿಮ್ಮಿಷ್ಟ.”

“ಅಬ್ಬಾ, ಅಷ್ಟಾದರೂ ಬಿಟ್ಟಿದ್ದೀರಲ್ಲ!”

ಅವನದು ಕನ್ನಡಕದ ಅಂಗಡಿ. ಆ ವಸತಿ ಸಮುಚ್ಚಯದಲ್ಲಿ ಸ್ವಂತದ್ದೊಂದು ಮನೆ, ಅದರಲ್ಲಿ ಒಬ್ಬನೇ. ವಾರ್ಷಿಕ ಸಭೆಗೆ ಬಾರದವರ ತಲೆಗೆ ಹುದ್ದೆ ಕಟ್ಟುವುದು ಅಲ್ಲಿಯ ಪದ್ಧತಿ. ಹಾಗೆ ಸೆಕ್ರೆಟರಿಯಾದವನು ಎಷ್ಟು ನಿಷ್ಠೆಯಿಂದ ದುಡಿದನೆಂದರೆ, ಜನ ಅವನನ್ನು ‘ರೂಲ್ಸ್’ ಎಂದೇ ಕರೆಯತೊಡಗಿದ್ದರು.

ಅವಳು ಶಾಲೆಯೊಂದರ ಡ್ರಾಯಿಂಗ್ ಟೀಚರ್. ಗಾಲಿಕುರ್ಚಿಯ ತಾಯಿಯೊಂದಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದಳು. ಮರುದಿನವೇ ಕಿಟಕಿಗೆ ಬಿಳಿ ಪರದೆ ಬಂತು. ಅದರ ಬೆನ್ನಿಗೇ ಬಾಲ್ಕನಿಯ ಕಂಬಿಯ ಮೇಲೆ ಹೂವಿನ ಕುಂಡವೊಂದು ಬಂದು ಕುಳಿತಿತು. ಕಂಬಿಯ ಮೇಲೆ ಕುಂಡ ಇಡಬಾರದು. ಅವನು ನೋಟಿಸ್ ಹಿಡಿದು, ತಲೆ ಬಾಚಿಕೊಂಡು, ಹೊರಟ.

“ಬಾಪ್ಪಾ ರೂಲ್ಸು,” ಎಂದರು ಅವಳ ತಾಯಿ. “ಇವತ್ತು ಏನು ಹಿಡಿದುಕೊಂಡು ಬಂದೆ?”

“ಅಮ್ಮಾ, ನಿಮಗೆ ನಮ್ಮ ಮೇಲೆ ಬೇಜಾರಾಗಿರಬೇಕು.”

“ಯಾಕಪ್ಪ ಬೇಜಾರು? ಹಿಂದಿನ ಮನೇಲಿ ನಂಗೆ ಕಂಡಿದ್ದು ಕಿಟಕಿಯಷ್ಟು ಆಕಾಶ. ಇಲ್ಲಿ ಲಿಫ್ಟ್ ಕೆಟ್ಟರೆ ಸಂಜೆಯೊಳಗೆ ರಿಪೇರಿ, ಕರೆಂಟ್ ಹೋದರೆ ಜನರೇಟರು. ದಿನಾ ಕೆಳಗಿಳಿದು ತೋಟದಲ್ಲಿ ಕೂತು ನಾಲ್ಕು ಜನರ ಹತ್ತಿರ ಹರಟೆ ಹೊಡೀತೀನಿ. ಪರದೆ ಏನು, ಕೂದಲೂ ಬಿಳಿ ಇರಬೇಕು ಅಂದರೂ ನಂದು ರೆಡಿ!”

“ನಂಗೆ ಬೇಜಾರಿದೆ,” ಎಂದಳು ಮಗಳು, ಕಾಫಿ ಲೋಟ ಅವನ ಮುಂದಿಡುತ್ತ. “ಕುಂಡ ಇಟ್ಟು ಎರಡು ದಿನ ಆಯ್ತು. ಈಗ ಬರ್ತಿದ್ದೀರಿ. ಸಂಘ ಹೀಗೆ ನಿದ್ದೆ ಮಾಡಿದರೆ ಹೇಗೆ?”

ಅವನು ಕಾಫಿ ಕುಡಿದು ನಾಲಿಗೆ ಸುಟ್ಟುಕೊಂಡ. ಅವಳು ಅವನ ಮುಖ ನೋಡಲಾರದೆ ಬಣ್ಣದ ಕುಂಚ ತೊಳೆಯಲು ಹೋದಳು. ತೊಳೆದದ್ದನ್ನೇ ಮತ್ತೆ ತೊಳೆದಳು.

ಕುಂಡ ಇಳಿಯಿತು, ಕಾರಿಡಾರಿನಲ್ಲಿ ಚಪ್ಪಲಿ ಸ್ಟ್ಯಾಂಡ್ ಹುಟ್ಟಿತು. ಅದು ಒಳಗೆ ಹೋಯಿತು, ಬಾಲ್ಕನಿಯಲ್ಲಿ ಕೆಂಪು ದುಪಟ್ಟಾ ಒಣಗತೊಡಗಿತು. ಪ್ರತಿ ತಪ್ಪಿಗೂ ಒಂದು ನೋಟಿಸ್, ಪ್ರತಿ ನೋಟಿಸಿಗೂ ಒಂದು ಲೋಟ ಕಾಫಿ. ಸುಮ್ಮನೆ ಬಾಗಿಲು ತಟ್ಟುವ ಧೈರ್ಯ ಅವನಿಗಿರಲಿಲ್ಲ. ಸುಮ್ಮನೆ ಕರೆಯುವ ಧೈರ್ಯ ಅವಳಿಗೂ ಇರಲಿಲ್ಲ. ಒಂದು ಸಂಜೆ ಲಿಫ್ಟಿನ ಬಾಗಿಲು ಮುಚ್ಚುವ ಮುನ್ನ ಅವಳೇ ಇಣುಕಿ ಕೇಳಿದಳು, “ಮುಂದಿನ ವಾರ ಏನು ತಪ್ಪು ಮಾಡಲಿ?” ಆ ರಾತ್ರಿ ಅವನಿಗೆ ನಿದ್ದೆಯೇ ಬರಲಿಲ್ಲ.

ಪ್ರತಿ ನೋಟಿಸಿನ ಒಂದು ನಕಲು ಸಂಘದ ಅಧ್ಯಕ್ಷರಿಗೆ ಹೋಗುತ್ತಿತ್ತು. ಅಧ್ಯಕ್ಷರು ನಿವೃತ್ತ ಹೆಡ್ಮೇಷ್ಟ್ರು.

“ಭೇಷ್ ಕಣಯ್ಯ,” ಎಂದು ಅವರು ಬೆನ್ನು ತಟ್ಟಿದರು. “ಮೂರು ನೋಟಿಸ್ ದಾಟಿದ ಬಾಡಿಗೆದಾರರು ಮನೆ ಖಾಲಿ ಮಾಡಬೇಕು. ನಿಯಮ ಇದ್ದರೂ ಇದುವರೆಗೆ ಯಾರೂ ಜಾರಿ ಮಾಡಿರಲಿಲ್ಲ. ಮನೆ ಓನರಿಗೆ ಫೋನ್ ಮಾಡಿ ಹೇಳಿದ್ದೀನಿ. ಭಾನುವಾರದ ಸಭೇಲಿ ಠರಾವು ನೀನೇ ಓದು.”

ಅವನಿಗೆ ಆ ನಿಯಮ ಗೊತ್ತಿರಲಿಲ್ಲವೆಂದಲ್ಲ. ಅದು ಕುಡಿದು ಗಲಾಟೆ ಮಾಡುವವರಿಗೆ ಎಂದುಕೊಂಡಿದ್ದ. ಹೂವಿನ ಕುಂಡಕ್ಕೂ ಅದು ತಗಲುತ್ತದೆಂದು ಕನಸಲ್ಲೂ ಎಣಿಸಿರಲಿಲ್ಲ.

“ಸಾರ್, ಅವು ನೋಟಿಸೇ ಅಲ್ಲ. ನಾನು ಅವರನ್ನ ನೋಡೋಕೆ ಹೋಗ್ತಿದ್ದೆ, ಅಷ್ಟೇ.”

“ಅದು ನಿನ್ನ ಸ್ವಂತ ವಿಷಯ. ಸಹಿ ಮಾತ್ರ ಸಂಘದ್ದು.”

ಸಭೆಯಲ್ಲಿ ಅವನು ಬೇಡಿಕೊಂಡ. ರಾಜೀನಾಮೆ ಕೊಡುತ್ತೇನೆಂದ. ಠರಾವು ಓದುವುದಿಲ್ಲವೆಂದು ಕೂತುಬಿಟ್ಟ. ಅಧ್ಯಕ್ಷರೇ ಓದಿದರು. ಯಾರಿಗೂ ಅವಳ ಮೇಲೆ ದ್ವೇಷವಿರಲಿಲ್ಲ. ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಎಂದರು. ಅವಳ ತಾಯಿಯ ಜೊತೆ ದಿನವೂ ತೋಟದಲ್ಲಿ ಹರಟೆ ಹೊಡೆಯುತ್ತಿದ್ದವರೂ ಕಣ್ಣೊರೆಸಿಕೊಳ್ಳುತ್ತಲೇ ಠರಾವಿನ ಪರ ಕೈ ಎತ್ತಿದರು.

ಅವನು ಸಭೆಯಿಂದ ನೇರವಾಗಿ ಅವಳ ಬಾಗಿಲಿಗೆ ಓಡಿದ.

“ಒಂದು ದಾರಿ ಇದೆ,” ಎಂದ ಏದುಸಿರಿನಲ್ಲಿ. “ಓನರ್ ಕುಟುಂಬದವರನ್ನ ಹೊರಗೆ ಹಾಕೋಕೆ ಆಗಲ್ಲ. ನೀವು ನನ್ನನ್ನ ಮದುವೆಯಾದರೆ ಯಾರೂ ಏನೂ ಮಾಡೋ ಹಾಗಿಲ್ಲ.”

ಅವಳ ಮುಖ ಬಿಳಿಚಿಕೊಂಡಿತು.

“ಇದನ್ನೂ ನಿಯಮದ ಪ್ರಕಾರ ಕೇಳ್ತಿದ್ದೀರಾ?”

“ಅಯ್ಯೋ, ಹಾಗಲ್ಲ...”

“ನಿನ್ನೆ ಕೇಳಿದ್ದರೆ ಕುಣಿದಾಡಿ ಹೂಂ ಅಂತಿದ್ದೆ. ಇವತ್ತು ಹೂಂ ಅಂದರೆ, ನಿಮಗೆ ಅಂದೆನೋ ಲಿಫ್ಟಿಗೆ ಅಂದೆನೋ, ನನಗೇ ಗೊತ್ತಾಗಲ್ಲ. ನಿಮಗಂತೂ ಜೀವನಪೂರ್ತಿ ಅನುಮಾನ. ತಪ್ಪು ನಿಮ್ಮದೊಂದೇ ಅಲ್ಲ. ಒಂದೊಂದನ್ನೂ ಆರಿಸಿ ಆರಿಸಿ ಮಾಡಿದವಳು ನಾನು. ಅಮ್ಮನ ಆಕಾಶ ನಾನೇ ಕಳೆದೆ.”

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಹೊಸ ಮನೆ ಸಿಕ್ಕಿದ್ದು ಅವಸರದಲ್ಲಿ, ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ. ಅಲ್ಲಿ ಸಂಘವಿಲ್ಲ. ಬೇಕಾದ ಬಣ್ಣದ ಪರದೆ ಕಟ್ಟಬಹುದು, ಕಾರಿಡಾರಿನಲ್ಲಿ ಚಪ್ಪಲಿ ಗುಡ್ಡೆ ಹಾಕಬಹುದು. ಮೆಟ್ಟಿಲ ಬಲ್ಬು ಸುಟ್ಟು ಎಷ್ಟು ಕಾಲವಾಯಿತೋ, ಹಾಕುವವರಿಲ್ಲ. ಲಿಫ್ಟ್ ಮೊದಲೇ ಇಲ್ಲ.

ಸಾಮಾನು ಹೊತ್ತವರು ಮಂಚ, ಬೀರು ಎಲ್ಲ ಏರಿಸಿದರು. ಮನುಷ್ಯರನ್ನು ಹೊರುವ ಜವಾಬ್ದಾರಿ ನಮ್ಮದಲ್ಲ ಎಂದು ಲಾರಿ ಹತ್ತಿದರು. ತಾಯಿ ಗೇಟಿನ ಬಳಿ ಗಾಲಿಕುರ್ಚಿಯಲ್ಲಿ ಕೂತು, ಮುಂದಕ್ಕೂ ಸಾಕಾಗುವಷ್ಟು ಈಗಲೇ ನೋಡಿಟ್ಟುಕೊಳ್ಳುವವರ ಹಾಗೆ ತಲೆಯೆತ್ತಿ ಆಕಾಶ ನೋಡುತ್ತಿದ್ದರು. ಆಗ ಅವನು ಬಂದ. ಅವಳು ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

“ಕೆಳಗಡೆ ನಾನು ಹಿಡೀತೀನಿ, ಭಾರ ಜಾಸ್ತಿ,” ಎಂದ.

“ಬೇಡ. ನನ್ನ ಮುಖ ಕಾಣದಿದ್ದರೆ ಅಮ್ಮ ಹೆದರ್ತಾಳೆ. ನೀವು ಬೆನ್ನ ಕಡೆ ಹಿಡೀರಿ.”

ಅವನು ಮೇಲಿನಿಂದ, ಅವಳು ಕೆಳಗಿನಿಂದ, ನಡುವೆ ಕುರ್ಚಿಯಲ್ಲಿ ತಾಯಿ. ಒಂದೊಂದೇ ಮೆಟ್ಟಿಲು ಏರಿದರು. ಎರಡನೆಯ ಮಹಡಿಯ ತಿರುವಿನಲ್ಲಿ ಅವನು ಉಸಿರು ತೆಗೆದುಕೊಳ್ಳಲು ನಿಂತ. ಆ ಕತ್ತಲಲ್ಲಿ ಅವನಿಗೆ ಕಾಣುತ್ತಿದ್ದುದು ತಾಯಿಯ ನೆತ್ತಿ ಮಾತ್ರ.

“ನಂಗೆ ನೀವಂದ್ರೆ ಪ್ರಾಣ,” ಎಂದ. “ಏನೂ ಕೇಳ್ತಿಲ್ಲ ನಾನು. ಅಲ್ಲಿಯ ಮನೆ ಹೋಯ್ತು, ಇನ್ನು ನೆಪಾನೂ ಇಲ್ಲ. ಹೇಳದೆ ಇರೋಕೆ ಆಗ್ತಿಲ್ಲ, ಅಷ್ಟೇ. ದಿನಾ ಬರ್ತೀನಿ. ಅಮ್ಮನ್ನ ಹೀಗೇ ಇಳಿಸಿ, ಹೀಗೇ ಹತ್ತಿಸ್ತೀನಿ. ನೀವು ಹೂಂ ಅಂದರೂ, ಅನ್ನದಿದ್ದರೂ.”

ಕುರ್ಚಿ ಸಣ್ಣಗೆ ನಡುಗಿತು.

“ಏನಾಯ್ತು? ಕೈ ನೋಯ್ತಿದೆಯಾ? ಮಾತಾಡಿ, ನಂಗೆ ಇಲ್ಲಿಂದ ಕಾಣ್ತಿಲ್ಲ.”

ಅವಳ ಕೆನ್ನೆಯ ಮೇಲೆ ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ತಾಯಿ ಮುಂದಕ್ಕೆ ಬಾಗಿ, ತಮ್ಮ ಶಾಲಿನ ತುದಿಯಿಂದ ಮಗಳ ಮುಖ ಒರೆಸಿದರು.

“ಹೂಂ ಅಂತಿದ್ದಾಳೆ ಕಣಪ್ಪ,” ಎಂದರು ತಿರುಗಿ ನೋಡದೆ. “ನೀನು ಕೈಬಿಡಬೇಡ. ಹುಷಾರಾಗಿ ಹತ್ತು.”