ಬೆಂದ ಮಾದರಿ

ಅಂತ್ಯದರ್ಶಕ ಯಂತ್ರ ಒಂದು ಸೀಸೆಯನ್ನು ಪಕ್ಕಕ್ಕೆ ತಳ್ಳಿ ನಿಂತಿತು. ಪಟ್ಟಿ ಬೆಳ್ಳಗಿತ್ತು, ಅಂದರೆ ರೋಗವಿಲ್ಲ. ಆದರೆ ಸೀಸೆಯೊಳಗಿನ ಬಿಳಿ ರಕ್ತಕಣಗಳಲ್ಲಿ ಒಂದೂ ಬದುಕಿರಲಿಲ್ಲ.

ಹುಬ್ಬಳ್ಳಿಯ ಆ ಪ್ರಯೋಗಾಲಯದಲ್ಲಿ ಡಾ. ವೃಂದಾ ಹೊಂಬಳ ಒಬ್ಬಳೇ ಸಿಬ್ಬಂದಿ, ಉಳಿದದ್ದೆಲ್ಲ ಯಂತ್ರಗಳು. ಕಣವೊಂದು ತಾನಾಗಿ ಸಾಯಲು ಹೊರಟಾಗ ಅದರೊಳಗಿನ ಅಂತ್ಯಕ ಎಂಬ ಪ್ರೋಟೀನು ತುಂಡಾಗುತ್ತದೆ. ಆ ತುಂಡನ್ನು ಮಾತ್ರ ಹಿಡಿಯುವ ಪ್ರತಿಕಾಯವೊಂದನ್ನು ಯಂತ್ರದ ಪಟ್ಟಿಗೆ ಲೇಪಿಸಿದ್ದರು. ತುಂಡು ಸಿಕ್ಕರೆ ಪಟ್ಟಿ ನೀಲಿ. ಬಿಳಿಕಣಗಳು ಅಕಾಲದಲ್ಲಿ ಸಾಯುವ ರೋಗ ಹರಡಿದ ಮೇಲೆ, ಜನ ಮನೆಯಲ್ಲೇ ಬೆರಳು ಚುಚ್ಚಿಕೊಂಡು ವಾರಕ್ಕೊಂದು ಸೀಸೆ ಕಳಿಸುತ್ತಿದ್ದರು.

ಸೀಸೆ ಫಕ್ಕೀರಪ್ಪ ಬಡಿಗೇರನದು. ರೈಲ್ವೆ ಕಾರ್ಖಾನೆಯ ನಿವೃತ್ತ ಫಿಟ್ಟರ್, ಮದುವೆಯಾಗದವನು, ಎರಡು ತಿಂಗಳ ಹಿಂದೆ ಗುಣವಾದವನು. ವೃಂದಾ ಫೋನು ಮಾಡಿದಳು.

"ಫಕ್ಕೀರಪ್ಪನವರ, ರಕ್ತಾ ಯಾಕ ಬೇಯಿಸೀರಿ?"

"ಬೇಯಿಸಿಲ್ರಿ ಮೇಡಂ. ಚಾದ ಬಿಸಿನೀರಾಗ ಒಂದೀಟ ಇಟ್ಟಿದ್ದೆ. ಕಣಾ ಸತ್ರ ನೀಲಿ ಬರತೈತಿ ಅಂತ ನೀವ ಹೇಳಿದ್ರಲ್ಲ."

"ತಾವಾಗೇ ಸತ್ರ ಬರತೈತಿ. ಕೊಂದ್ರ ಬರೂದಿಲ್ಲ. ಅಂತ್ಯಕ ತುಂಡಾಗಾಕ ಹೊತ್ತ ಬೇಕು. ನೀವು ಆ ಹೊತ್ತ ಕೊಟ್ಟಿಲ್ಲ."

"ಸತ್ತ ಮ್ಯಾಲೆ ಎಲ್ಲಾ ಒಂದ ಅಲ್ಲೇನ್ರಿ?"

"ಪ್ರತಿಕಾಯಕ್ಕ ಅಲ್ಲ. ನಿಮಗ್ಯಾಕ ನೀಲಿ ಬೇಕಾಗಿತ್ತು?"

"ನೀಲಿ ಬಂದ್ರ ಎಸ್ತೇರ್ ಸಿಸ್ಟರ್ ಬರ್ತಿದ್ರು."

"ಔಷಧದ ಸೂಜಿ ಚುಚ್ಚಾಕ."

"ಹೌದ್ರಿ. ಚುಚ್ಚಿದ ಮ್ಯಾಲೆ ಅರ್ಧಾ ತಾಸು ಕುಂತ ನೋಡಬೇಕಂತ ನಿಯಮ ಐತೆಲ್ರಿ. ಕುಂತು ಬೈತಿದ್ರು. ಕಸಾ ಯಾಕ ಹೊಡದಿಲ್ಲ, ಅಂಗಿ ಗುಂಡಿ ಯಾಕ ಹಚ್ಚಿಲ್ಲ ಅಂತ. ಈಗ ಬೈಯವ್ರ ಇಲ್ರಿ."

"ರೋಗ ಇಲ್ಲದವರಿಗೆ ಆ ಔಷಧ ಕೊಟ್ರ ಸಾಯಬೇಕಾದ ಕಣಾನೂ ಸಾಯೂದಿಲ್ಲ. ಗಂಟು ಬೆಳಿತಾವ. ಕ್ಯಾನ್ಸರ್ ಅದು, ತಿಳೀತೇನು?"

"ಅದಕ್ಕ ಸಿಸ್ಟರ್ ಬರ್ತಾರೇನ್ರಿ?"

ವೃಂದಾ ಫೋನು ಇಟ್ಟಳು. ಫಲಿತಾಂಶದ ನಮೂನೆಯಲ್ಲಿ ಮೂರು ಆಯ್ಕೆಗಳಿದ್ದವು: ನೀಲಿ, ಬಿಳಿ, ಮಾದರಿ ಕೆಟ್ಟಿದೆ. ಮೂರನೆಯದಾದರೆ ನರ್ಸ್ ಮನೆಗೇ ಹೋಗಿ ರಕ್ತ ತೆಗೆದು ಅರ್ಧ ಗಂಟೆ ಕಾಯಬೇಕು, ಔಷಧ ಕೊಡುವಂತಿಲ್ಲ. ಅವಳು ಮೂರನೆಯದನ್ನು ಒತ್ತಿದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಫಕ್ಕೀರಪ್ಪ ಬಾಯಿ ಮುಚ್ಚಿಕೊಂಡಿರುವ ಮನುಷ್ಯನಲ್ಲ. ತಿಂಗಳೊಳಗೆ ಅವನ ಓಣಿಯಿಂದ ಹನ್ನೊಂದು ಸೀಸೆಗಳು ಬೆಂದು ಬಂದವು.

"ಮೇಡಂ, ಆ ಓಣ್ಯಾಗ ಏನ್ ನಡದೈತ್ರಿ?" ಎಸ್ತೇರ್ ಫೋನಿನಲ್ಲಿ ಕಿರುಚಿದಳು. "ಹೋದಲ್ಲೆಲ್ಲಾ ಚಾ, ಅವಲಕ್ಕಿ. ನನಗೇನ್ ಹತ್ತ ಹೊಟ್ಟಿ ಅದಾವೇನು?"

ಇಲಾಖೆಯ ಗಣಕಯಂತ್ರ ಅಂಕಿಅಂಶ ನೋಡಿ ಬೇರೆಯೇ ತೀರ್ಮಾನಕ್ಕೆ ಬಂತು: ಉತ್ತರ ಕರ್ನಾಟಕದ ಬಿಸಿಲಿಗೆ ಮಾದರಿಗಳು ಕೆಡುತ್ತಿವೆ. ಶಾಖ ತಾಗದ ಹೊಸ ಸೀಸೆ ತಯಾರಾಯಿತು. ರಾಜ್ಯಕ್ಕೆಲ್ಲ ಹಂಚುವ ಮೊದಲು ಪರೀಕ್ಷಿಸಿ ವರದಿ ಕೊಡುವ ಕೆಲಸ ವೃಂದಾಳಿಗೇ ಬಂತು.

ಅವಳು ತನ್ನದೇ ರಕ್ತ ತುಂಬಿ ಸೀಸೆಯನ್ನು ಹತ್ತು ನಿಮಿಷ ಕುದಿಯುವ ನೀರಿನಲ್ಲಿಟ್ಟಳು. ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಕಣಗಳೆಲ್ಲ ಬದುಕಿದ್ದವು. ಬಹಳ ಒಳ್ಳೆಯ ಸೀಸೆ.

ಸೋರುತ್ತದೆ ಎಂದು ವರದಿ ಬರೆದಳು.