ನಾಲ್ಕು ಮಡಿಕೆಯ ಕಂಬಳಿ

ಮಾನ್ಯ ವಾಚಕ ಮಹಾಶಯರೇ, ಕೊಲೆ ಕಳವುಗಳ ಜಾಡು ಹಿಡಿದು ಹೊರಟ ಪೊಲೀಸರ ವೃತ್ತಾಂತಗಳನ್ನು ತಾವು ಬೇಕಾದಷ್ಟು ಓದಿರುತ್ತೀರಿ. ಆದರೆ ಒಂದು ಎಂಜಿನ್ನಿನ ಸಾವಿಗೆ ಕಾರಣರಾದವರನ್ನು ಹುಡುಕಿದ ವೃತ್ತಾಂತವನ್ನು ಓದಿರುವುದು ಸಂದೇಹವೇ ಸರಿ. ಪೀಣ್ಯದ ಗದ್ದಲವನ್ನು ಕೆಲವು ನಿಮಿಷ ಸಹಿಸಿಕೊಂಡು ಇದನ್ನು ಆಲಿಸಬೇಕಾಗಿ ವಿನಂತಿ.

ಜನವರಿಯ ಒಂದು ಶುಕ್ರವಾರ, ಮಧ್ಯಾಹ್ನ ಮೂರೂವರೆಗೆ, ವಿನಾಯಕ್ ಎಂಬ ಯುವಕ ಠಾಣೆಯೊಳಕ್ಕೆ ಏದುಸಿರು ಬಿಡುತ್ತಾ ನುಗ್ಗಿದ. ರಾಜಗೋಪಾಲನಗರದ ಅಂಚಿನ ಶೆಡ್ಡೊಂದರಲ್ಲಿ ಅವನ ಡ್ರ್ಯಾಗ್ ರೇಸಿನ ಬೈಕು ಇತ್ತು. ನೇರ ದಾರಿಯಲ್ಲಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಓಟ ಮುಗಿಸಲೆಂದೇ ಕಟ್ಟಿದ ಬೈಕು. ಊಟದ ಹೊತ್ತಿನಲ್ಲಿ ಯಾರೋ ಬೀಗ ಒಡೆದು, ಎಂಜಿನ್ ಚಾಲೂ ಮಾಡಿ, ಅದು ಸಿಡಿದುಹೋಗುವ ತನಕ ಥ್ರಾಟಲ್ ತಿರುವಿ ಹೋಗಿದ್ದರು. ಭಾನುವಾರದ ಓಟ ಗೆದ್ದಿದ್ದರೆ ಟೈರ್ ಕಂಪನಿಯೊಂದು ತಂಡದ ಖರ್ಚನ್ನೆಲ್ಲ ವಹಿಸಿಕೊಳ್ಳುವುದಿತ್ತು.

“ಯಾರ ಮೇಲಾದ್ರೂ ಅನುಮಾನ ಇದೆಯಾ?” ಇನ್ಸ್‌ಪೆಕ್ಟರ್ ಕೊಟ್ರಪ್ಪ ಕೇಳಿದರು.

“ಅನುಮಾನ ಅಲ್ಲ ಸಾರ್, ಗ್ಯಾರಂಟಿ. ಸರ್ಜಾಪುರದ ದೇವರಾಜ್. ಎರಡು ಸಲ ನನ್ನ ಹತ್ರ ಸೋತಿದಾನೆ, ಉರ್ಕೊಂಡು ಸಾಯ್ತಿದಾನೆ. ಇವತ್ತೇ ಎತ್ತಾಕ್ಕೊಂಡು ಬನ್ನಿ.”

ಗ್ಯಾರಂಟಿ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಕೊಟ್ರಪ್ಪನವರ ಪೆನ್ನು ನಿಧಾನವಾಗುತ್ತಿತ್ತು. ಎಫ್‌ಐಆರ್‌ನಲ್ಲಿ ಅವರು ‘ಅಪರಿಚಿತ ಆರೋಪಿ’ ಎಂದೇ ಬರೆದರು.

ನಾಲ್ಕೂವರೆಗೆ ಸ್ಥಳ ಪಂಚನಾಮೆ ಆರಂಭವಾಯಿತು. ಎಂಜಿನ್ನಿನ ಮಗ್ಗುಲು ಒಡೆದು, ನೆಲದ ತುಂಬ ಎಣ್ಣೆ ಹರಡಿತ್ತು. ಶೆಡ್ಡಿನ ಮಾಲೀಕ ಲಕ್ಷ್ಮಯ್ಯನವರ ಮಗ ನಂದೀಶ್ ಅದರ ಪಕ್ಕದಲ್ಲಿ ಸೂತಕದವನಂತೆ ಕುಕ್ಕರುಗಾಲಲ್ಲಿ ಕೂತಿದ್ದ. ಆ ಎಂಜಿನ್ ಕಟ್ಟಿದವನು ಅವನೇ. ವಿನಾಯಕನನ್ನು ಮದುವೆಯಾಗಲಿದ್ದ ನಿವೇದಿತಾ, ತಂಡದ ವಿಡಿಯೋ ಮಾಡುವವಳು, ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಸ್ಟೂಲಿನ ಮೇಲೆ ಕರಿಕಂಬಳಿಯೊಂದಿತ್ತು. ನಾಲ್ಕು ಮಡಿಕೆ, ಅಂಚಿಗೆ ಅಂಚು ಕೂಡಿಸಿ, ಹರಿದ ಬದಿ ಒಳಗೆ.

“ಇದೇನ್ರೀ?”

“ಎಂಜಿನ್ನಿಗೆ ಹೊದಿಸೋದು ಸಾರ್,” ಎಂದ ವಿನಾಯಕ್. “ಓಟಕ್ಕೆ ಮುಂಚೆ ಇದನ್ನ ತೆಗೆದು, ಸಣ್ಣಗೆ ಓಡಿಸಿ ಬಿಸಿ ಮಾಡ್ತೀವಿ. ಎಣ್ಣೆ ಕಾಯದೆ ಥ್ರಾಟಲ್ ಎಳೆದ್ರೆ ಒಳಗಿರೋದೆಲ್ಲ ಕಿತ್ತೋಗತ್ತೆ. ಬೆಳಿಗ್ಗೆ ನಾನೇ ಹೊದಿಸಿ ಹೋಗಿದ್ದೆ.”

“ಆಮೇಲೆ ನೀವ್ಯಾರಾದ್ರೂ ಮುಟ್ಟಿದ್ರಾ?”

ಯಾರೂ ಮುಟ್ಟಿರಲಿಲ್ಲ. ಕಾನ್‌ಸ್ಟೆಬಲ್ ಶರಣಮ್ಮ ಫೋಟೋ ತೆಗೆದು ಕಂಬಳಿಯನ್ನು ಜಪ್ತಿ ಮಾಡಿದಳು.

ಎದುರಿಗೆ ಚಿಕ್ಕಮುನಿಯಮ್ಮನ ಟೀ ಅಂಗಡಿ.

“ಮೊದ್ಲು ಸಣ್ಣಗೆ ಗುಡುಗುಡು ಅಂತಿತ್ತು ಸಾಮಿ. ಒಂದ್ ಪಾತ್ರೆ ಟೀ ಕಾಸಿ ಸೋಸಿದೆ, ಆಗ್ಲೂ ಅಂಗೇ. ಆಮ್ಯಾಕೆ ಒಂದೇ ಸಲಕ್ಕೆ ಕಿರುಚ್ಕಂತು, ದಡಾರ್ ಅಂತು, ಸುಮ್ಕಾಯ್ತು.”

“ಹೋಗಿ ನೋಡ್ಬೇಕು ಅನ್ನಿಸ್ಲಿಲ್ವಾ?”

“ದಿನಾ ಇಂಗೇ ಬಿಸಿ ಮಾಡ್ತಾರೆ. ಇವತ್ತೇನು ಒಸದಾ?”

ಶನಿವಾರ ಬೆಳಿಗ್ಗೆ ದೇವರಾಜನನ್ನು ಠಾಣೆಗೆ ಕರೆಸಲಾಯಿತು. ಆತ ಕುರ್ಚಿ ಎಳೆದುಕೊಂಡು ಕೂತ.

“ವಿನಾಯಕನ ಮೇಲೆ ಹೊಟ್ಟೆಕಿಚ್ಚಾ?”

“ಇದೆ ಸಾರ್, ಸಕ್ಕತ್ತಾಗಿದೆ. ಇಲ್ಲ ಅಂತ ಯಾಕೆ ಸುಳ್ಳು ಹೇಳ್ಲಿ? ಅವನ ಬೈಕ್ ಸ್ಟಾರ್ಟಿಂಗ್ ಲೈನಿಗೆ ಬಂದ್ರೆ ನನ್ನ ಬಿಪಿ ಏರತ್ತೆ.”

“ನಿನ್ನೆ ಮಧ್ಯಾಹ್ನ ಎಲ್ಲಿದ್ದೆ?”

“ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ, ನಮ್ಮ ಮಾವನ ಸೈಟಿಗೆ ಸಾಕ್ಷಿ. ಅಲ್ಲೇ ಫೋಟೋ ಹಿಡಿದಿದಾರೆ, ಬೇಕಾದ್ರೆ ತರಿಸ್ಕೊಳ್ಳಿ.”

“ಸರಿ, ನೀನೇ ಹೋಗಿದ್ದಿದ್ರೆ ಹೇಗೆ ಮಾಡ್ತಿದ್ದೆ?”

“ತಣ್ಣಗಿದ್ದಂಗೇ ಫುಲ್ ಎಳೀತಿದ್ದೆ. ಮುಗೀತು.”

“ಬಿಸಿ ಮಾಡ್ತಿರ್ಲಿಲ್ವಾ?”

ದೇವರಾಜ್ ನಕ್ಕ. “ಸಾಯಿಸೋಕೆ ಬಂದೋನು ಮೊದ್ಲು ಸ್ನಾನ ಮಾಡಿಸ್ತಾನಾ ಸಾರ್?”

ಆತ ಹೇಳಿದ ಫೋಟೋ ಹನ್ನೆರಡು ಗಂಟೆಯೊಳಗೆ ಸಿಕ್ಕಿತು; ಮಾತು ನಿಜವಾಗಿತ್ತು. ಕೊಟ್ರಪ್ಪ ಊಟಕ್ಕೂ ಏಳದೆ ಕಂಬಳಿಯ ಚಿತ್ರವನ್ನೇ ನೋಡುತ್ತಾ ಕೂತರು. ಬೀಗ ಒಡೆದು ಬಂದವನು, ಸಿಕ್ಕಿಬೀಳುವ ಭಯವಿದ್ದೂ ಎಣ್ಣೆ ಬಿಸಿಯಾಗುವ ತನಕ ನಿಂತಿದ್ದ. ಕಂಬಳಿಯನ್ನು ನೆಲಕ್ಕೆ ಎಸೆಯಲೂ ಅವನಿಗೆ ಮನಸ್ಸು ಬಂದಿರಲಿಲ್ಲ. ಇದು ಹಗೆಯವನ ಕೈಯಲ್ಲ.

ಸಂಜೆ ಐದಕ್ಕೆ ಪಂಚ ಸಾಕ್ಷಿಗಳೊಡನೆ ಮತ್ತೆ ಶೆಡ್ಡಿಗೆ ಹೋದರು. ಶರಣಮ್ಮ ಕಂಬಳಿಯನ್ನು ಒಡೆದ ಎಂಜಿನ್ನಿಗೆ ಹೊದಿಸಿದಳು. ತಂಡದ ಮೂವರನ್ನೂ ಒಬ್ಬೊಬ್ಬರಾಗಿ ಒಳಗೆ ಕರೆದರು.

“ಎಂಜಿನ್ ಬಿಸಿ ಮಾಡೋಕೆ ಮುಂಚೆ ಏನು ಮಾಡ್ತೀರೋ ಅದನ್ನ ಮಾಡಿ ತೋರ್ಸಿ.”

ವಿನಾಯಕ್ ಕಂಬಳಿಯನ್ನು ಎಳೆದು ಬೆಂಚಿನ ಮೇಲೆಸೆದ. ನಿವೇದಿತಾ ಎರಡು ಬೆರಳಲ್ಲಿ ಎತ್ತಿ ಸೀಟಿನ ಮೇಲೆ ಹರವಿದಳು. ನಂದೀಶ್ ಅದನ್ನು ಎರಡೂ ಕೈಯಲ್ಲಿ ತೆಗೆದು, ಒಮ್ಮೆ ಕೊಡವಿ, ಅಂಚಿಗೆ ಅಂಚು ಕೂಡಿಸಿದ. ಹರಿದ ಬದಿ ಒಳಕ್ಕೆ ಹೋಯಿತು. ಸ್ಟೂಲಿನ ಮೇಲಿಟ್ಟು ಅಂಗೈಯಿಂದ ಸವರಿದ. ಆ ಕೈ ಅಲ್ಲಿಯೇ ನಿಂತಿತು.

ಕೊಟ್ರಪ್ಪ ಫೋಟೋವನ್ನು ಅವನ ಮುಂದೆ ಹಿಡಿದರು.

“ಬೀಗ ಯಾಕಪ್ಪಾ ಒಡೆದೆ?”

“ಕೀ ನನ್ನ ಹತ್ರ ಇರೋದು ಎಲ್ರಿಗೂ ಗೊತ್ತಲ್ಲ ಸಾರ್.”

“ಎಂಜಿನ್ ಬಿಸಿ ಮಾಡಿದ್ದು?”

ನಂದೀಶ್ ಕಂಬಳಿಯ ಅಂಚನ್ನು ಮತ್ತೊಮ್ಮೆ ಸರಿಮಾಡಿದ.

“ತಣ್ಣಗಿದ್ದಾಗ ಎಳೆಯೋಕೆ ಕೈ ಬರ್ಲಿಲ್ಲ.”

ಬಾಗಿಲಲ್ಲಿದ್ದ ವಿನಾಯಕ್ ಒಳಗೆ ಬಂದ. “ಮಗಾ, ನೀನಾ?”

“ಬುಧವಾರ ಏನಂದೆ ನೀನು?” ನಂದೀಶ್ ಅವನತ್ತ ತಿರುಗಿದ. “ಕಂಪನಿಯೋರು ಬಂದ್ಮೇಲೆ ಲೈನಲ್ಲಿ ನಿವೇದಿತಾ ಬಿಸಿ ಮಾಡ್ತಾಳೆ, ವಿಡಿಯೋಗೆ ಚೆನ್ನಾಗಿರತ್ತೆ, ನೀನು ಶೆಡ್ ನೋಡ್ಕೋ ಅಂದೆ. ಅವಳ ಕೈ ಹಿಡ್ಕೊಂಡು ಥ್ರಾಟಲ್ ತೋರಿಸ್ದೆ. ನಾನು ನಿಂಗೆ ಹೇಳ್ಕೊಟ್ಟಂಗೇ. ಓಡ್ಸೋದು ನೀನು, ಫೋಟೋ ನಿಂದು, ಕಪ್ ನಿಂದು. ನಾನು ಯಾವತ್ತಾದ್ರೂ ಕೇಳಿದ್ನಾ? ಬಿಸಿ ಮಾಡೋ ಅದೊಂದು ಹೊತ್ತು ನಂದಾಗಿತ್ತು ಕಣೋ.”

“ನನಗೆ ಅದು ಬೇಕೂ ಇರ್ಲಿಲ್ಲ ನಂದೀಶ್,” ಎಂದಳು ವಿನಾಯಕನ ಹಿಂದೆಯೇ ಬಂದ ನಿವೇದಿತಾ. “ಶಬ್ದಕ್ಕೇ ಹೆದರ್ಕೋತೀನಿ.”

ನಂದೀಶ್ ಅವಳನ್ನೇ ನೋಡಿದ. ಆಮೇಲೆ ನೆಲ ನೋಡಿದ.

ಸಂಜೆ ಆರಕ್ಕೆ ನಂದೀಶನನ್ನು ದಸ್ತಗಿರಿ ಮಾಡಲಾಯಿತು. ಜೀಪು ಹತ್ತುವ ಮುನ್ನ ಆತ ಒಂದೇ ಮಾತು ಕೇಳಿದ.

“ಸಾರ್, ಕಂಬಳಿ ಹೊದಿಸಿ ಬರ್ಲಾ?”

“ಅದು ಸಾಕ್ಷ್ಯ ಕಣಪ್ಪ,” ಎಂದರು ಕೊಟ್ರಪ್ಪ. ಶರಣಮ್ಮ ಮುಖ ತಿರುಗಿಸಿಕೊಂಡಳು.

ಪ್ರೇರಣೆ ಏನೆಂದು ಬರೆಯುವಾಗ ಕೊಟ್ರಪ್ಪನವರು ‘ಅಸೂಯೆ’ ಎಂಬ ಒಂದೇ ಪದ ಬರೆದು ಸಹಿ ಹಾಕಿದರು. ಕಾನೂನಿಗೆ ಅಷ್ಟು ಸಾಕು. ತನ್ನದೆಂದು ಒಬ್ಬ ಮನುಷ್ಯನಿಗಿದ್ದ ಆ ಒಂದು ಹೊತ್ತು ಇನ್ನೊಬ್ಬರ ಪಾಲಾಯಿತೆಂಬುದನ್ನು ಬರೆಯಲು ಅಲ್ಲಿ ಜಾಗವಿರಲಿಲ್ಲ.

ಕತೆ ಮುಗಿದ ಊರಿನಲ್ಲಿ ಕತೆಗಾರನಿಗೆ ಕೆಲಸವಿಲ್ಲ. ನನ್ನ ಎರಡು ಜೊತೆ ಬಟ್ಟೆ ಚೀಲಕ್ಕೆ ಸೇರಿವೆ. ನಾಗಸಂದ್ರದಲ್ಲಿ ತುಮಕೂರಿನ ಬಸ್ಸು ನಿಂತಿದೆ. ಡ್ರೈವರ್ ಎಂಜಿನ್ ಚಾಲೂ ಮಾಡಿಟ್ಟು ಟೀ ಕುಡಿಯಲು ಇಳಿದಿದ್ದಾನೆ. ಅದು ಬಿಸಿಯಾಗುವಷ್ಟರಲ್ಲಿ ಕಿಟಕಿ ಪಕ್ಕದ ಸೀಟು ಹಿಡಿಯಬೇಕು.